ನುಸುಳುಬಾಗಿಲು

ಆಫೀಸಿನ ಡೈರೆಕ್ಟರ್ ರಾಕೇಶನ ಸಂದೇಶವನ್ನು ಚನ್ನಕೇಶವ ಹಲ್ಲುಜ್ಜುವಾಗಲೇ ನೋಡಿದ್ದ. ನೋಡಿ, ನೋಡದವನ ಹಾಗೆ ಫೋನನ್ನು ವಾಷಿಂಗ್ ಮೆಷಿನ್ನಿನ ಮೇಲೆ ಬೋರಲು ಹಾಕಿ, ಬೇಕೆಂದೇ ನಿಧಾನವಾಗಿ ಬಾಯಿ ಮುಕ್ಕಳಿಸಿದ್ದ. ಬೋರಲು ಹಾಕಿದ ಮಾತ್ರಕ್ಕೆ ಅದರಲ್ಲಿದ್ದದ್ದು ಅಳಿಸಿಹೋಗುತ್ತದೆಯೇ? ಜಾಸಿಮ್‌ನ ತಂದೆ ಅಬು ಜಾಸಿಮ್ ಇವತ್ತು ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಟೀ ಕೋಣೆ ನೋಡಲು ಬರುತ್ತಾರೆ, ಅಷ್ಟರೊಳಗೆ ಆ ಗೂಡಿನ ಬಾಗಿಲನ್ನು ಮನುಷ್ಯರು ಹೋಗುವ ಹಾಗೆ ಕೊಯ್ಯಿಸಿ ಎತ್ತರ ಮಾಡಿಸಿರಬೇಕು, ಇದರ ಮೇಲೆ ಡಿಸ್ಕಷನ್ ಬೇಡ. ಕೊನೆಯಲ್ಲಿ ಕೈ ಮುಗಿದ ಎರಡು ಪುಟ್ಟ ಹಳದಿ ಅಂಗೈಗಳು. ಚನ್ನಕೇಶವನಿಗೆ ಹೆಚ್ಚು ಉರಿದದ್ದು ಆ ಅಂಗೈಗಳನ್ನು ನೋಡಿಯೇ. ಆಜ್ಞೆ ಮಾಡುವವನು ಆಜ್ಞೆ ಮಾಡಿ ಸುಮ್ಮನಿರಬೇಕಪ್ಪ, ಮೇಲೆ ಕೈ ಬೇರೆ ಯಾಕೆ ಮುಗಿಯಬೇಕು? ಕತಾರಿನ ಈ ಊರಿಗೆ ಬಂದು ತಲೆ ನರೆಯುವಷ್ಟು ಕಾಲವಾದ ಮೇಲೆ ಅವನದು ಅಂತ ಹೇಳಿಕೊಳ್ಳಬಹುದಾದ ಕಟ್ಟಡ ಅದೊಂದೇ, ಜಾಸಿಮ್‌ನ ಅಂಗಳದ ಆ ಮಣ್ಣಿನ ಕೋಣೆ. ಅದರಲ್ಲೂ ಒಳಗಿನಿಂದ ತನ್ನದು ಅನ್ನಿಸುವುದು ಆ ಬಾಗಿಲೊಂದೇ. ಸಂಜೆಯ ಹೊತ್ತಿಗೆ ಅದು ಇರುತ್ತದೋ ಇಲ್ಲವೋ ಎಂದು ಕನ್ನಡಿಯಲ್ಲಿದ್ದ ತನ್ನನ್ನೇ ಕೇಳಿಕೊಂಡ. ಕನ್ನಡಿಯಲ್ಲಿದ್ದವನ ಗಲ್ಲದ ಮೇಲೆ ಪೇಸ್ಟು ಹತ್ತಿತ್ತು.

ಅಡುಗೆಮನೆಯಲ್ಲಿ ಚೂಡಾಮಣಿ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ಇಂಡಿಯನ್ ಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ಮಾಡಿ ಅವಳಿಗೆ ಯಾವ ಮಾತನ್ನೂ ಎರಡು ಸಾಲಿಗಿಂತ ಹೆಚ್ಚು ಬೆಳೆಸುವ ಅಭ್ಯಾಸವೇ ತಪ್ಪಿಹೋಗಿದೆ. ಮುಖ ಯಾಕೆ ಊದಿಸಿಕೊಂಡಿದ್ದೀರಿ ಅಂತ ಕೇಳಿದಳು. ಕೇಳಿದ್ದೇ ತಡ, ಇವನು ಶುರು ಮಾಡಿದ. ಆ ಬಾಗಿಲು ಎರಡಡಿ ಚಿಲ್ಲರೆ ಎತ್ತರ ಇರುವುದು ತಿಳಿಯದೆ ಅಲ್ಲ, ಜಪಾನಿನಲ್ಲಿ ಟೀ ಕೋಣೆಗೆ ಇರುವುದೇ ಹಾಗೆ, ದೊರೆಯಾಗಲಿ ದಂಡನಾಯಕನಾಗಲಿ ಕತ್ತಿಯನ್ನು ಹೊರಗಿನ ಗೂಟಕ್ಕೆ ತೂಗುಹಾಕಿ ಮೊಣಕಾಲ ಮೇಲೆ ತೆವಳಿಕೊಂಡೇ ಒಳಗೆ ಬರಬೇಕು, ಒಳಗೆ ಬಂದ ಮೇಲೆ ದೊಡ್ಡವನು ಚಿಕ್ಕವನು ಅಂತಿಲ್ಲ, ಅದನ್ನು ಎತ್ತರ ಮಾಡಿದರೆ ಉಳಿಯುವುದು ಬರೀ ಸ್ಟೋರ್ ರೂಮು. ಅವಳು ಡಬ್ಬಿಯ ಮುಚ್ಚಳ ಒತ್ತುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಚಪ್ಪಲಿ ಮೆಟ್ಟಿಕೊಳ್ಳುವಾಗ ಹೇಳಿದಳು:

"ನಿಮಗೆ ಆ ಬಾಗಿಲು ಬೇಕಾಗಿದ್ಯೋ, ಇಲ್ಲಾ ಯಾರೋ ಬಗ್ಗೋದನ್ನ ನೋಡ್ಬೇಕಾಗಿದ್ಯೋ? ಅದನ್ನ ಮೊದ್ಲು ತೀರ್ಮಾನ ಮಾಡ್ಕೊಳ್ಳಿ."

ಹೇಳಿ ಸ್ಕೂಲ್ ಬಸ್ಸಿಗೆ ಇಳಿದು ಹೋದಳು. ಅವಳಿಗೆ ಕೊಡಬೇಕಾದ ಉತ್ತರಗಳೆಲ್ಲ ಒಂದೊಂದಾಗಿ, ಒಂದಕ್ಕಿಂತ ಒಂದು ಚೆನ್ನಾಗಿ, ಅವನಿಗೆ ಲಿಫ್ಟಿನಲ್ಲಿ ಹೊಳೆದವು. ಬಿನ್ ಮಹಮೂದ್ ಬಡಾವಣೆಯ ಆ ಹಳೇ ಕಟ್ಟಡದ ಲಿಫ್ಟು ನೆಲಮಹಡಿಗೆ ಬರುವಷ್ಟರಲ್ಲಿ ಅವನು ಗೆದ್ದೇಬಿಟ್ಟಿದ್ದ. ಬೀದಿಗೆ ಕಾಲಿಟ್ಟದ್ದೇ ಕನ್ನಡಕಕ್ಕೆ ಮಂಜು ಕವಿಯಿತು. ಸೆಪ್ಟೆಂಬರಿನ ಧಗೆ, ಒಳಗಿನ ಏಸಿಯ ತಂಪಿನಿಂದ ಹೊರಗೆ ಬಂದವನು ಒಂದಷ್ಟು ಹೊತ್ತು ಕುರುಡನೇ. ಆ ಬಿಳುಪಿನಲ್ಲಿ ನಿಂತು, ಶರ್ಟಿನ ತುದಿಯಿಂದ ಗಾಜು ಒರೆಸುವಷ್ಟರಲ್ಲಿ ಗೆದ್ದ ಮಾತೆಲ್ಲ ಎಲ್ಲಿಗೆ ಹೋಯಿತೋ, ಅವಳ ಪ್ರಶ್ನೆ ಮಾತ್ರ ಉಳಿಯಿತು. ಎಂಥ ಹೆಂಗಸಪ್ಪ ಇವಳು ಅಂದುಕೊಂಡ.

ಆಫೀಸಿಗೆ ಫೋನ್ ಮಾಡಿ ಸೈಟಿಗೆ ಹೋಗುತ್ತಿದ್ದೇನೆ ಅಂದ. ಸೈಟಿನ ಬಡಗಿ ಅಬೂಬಕರನಿಗೆ ಆಫೀಸಿನಲ್ಲಿದ್ದೇನೆ ಅಂದ. ಎರಡು ಕಡೆಯೂ ಇಲ್ಲದವನಾಗಿ ಸೂಕ್ ವಾಕಿಫ್ ಪೇಟೆಗೆ ಹೋಗಿ, ಹಕ್ಕಿ ಮಾರುವ ಸಾಲಿನ ಆಚೆ ನೆರಳಿದ್ದ ಒಂದು ಕುರ್ಚಿಯಲ್ಲಿ ಕೂತು ಕರಕ್ ಚಹಾ ತರಿಸಿಕೊಂಡ. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಎದುರಿನ ಅಂಗಡಿಯ ಮರದ ಬಾಗಿಲನ್ನು ನೋಡಿ ಕಣ್ಣು ತಾನಾಗಿ ಅಳೆಯಿತು: ಎತ್ತರ ಇಷ್ಟು, ಅಗಲ ಇಷ್ಟು, ಎಡಗಡೆಗೆ ತಿರುಗಣಿ. ರೂಢಿ. ಈ ನಗರದಲ್ಲಿ ಎದ್ದಿರುವ ಎಷ್ಟೋ ಗೋಪುರಗಳಲ್ಲಿ ಅವನ ಕೆಲಸವಿದೆ. ಅಲ್ಲೆಲ್ಲ ಅವನು ಮಾಡಿದ್ದು ಬಾಗಿಲುಗಳ ಪಟ್ಟಿ. ಯಾವ ಮಹಡಿಯ ಯಾವ ಕೋಣೆಗೆ ಎಂಥ ಬಾಗಿಲು, ಬೆಂಕಿ ತಡೆಯುವುದೋ ತಡೆಯದ್ದೋ, ಹಿಡಿ ಉಕ್ಕಿನದೋ ಹಿತ್ತಾಳೆಯದೋ. ವಿನ್ಯಾಸ ಮಾಡುವವರು ಬೇರೆ, ಸಹಿ ಹಾಕುವವರು ಬೇರೆ, ಮ್ಯಾಗಜೀನಿನಲ್ಲಿ ಕೈಕಟ್ಟಿ ನಿಲ್ಲುವವರು ಬೇರೆ. ಕಟ್ಟಡ ಮುಗಿದ ಮೇಲೆ ಅದೇ ಬಾಗಿಲುಗಳ ಮುಂದೆ ಸೆಕ್ಯುರಿಟಿಯವನು ಇವನ ಕೊರಳಿನ ಕಾರ್ಡು ನೋಡಿ, ಸಾರಿ ಸರ್, ಈ ಕಡೆಯಿಂದ ಇಲ್ಲ ಅನ್ನುತ್ತಿದ್ದ. ಜಾಸಿಮ್ ಎಂಬ ಕತಾರಿ ಹುಡುಗ ಕ್ಯೋಟೋದಲ್ಲಿ ಓದಿ ಬಂದು, ವಕ್ರಾದಲ್ಲಿರುವ ತಂದೆಯ ವಿಲ್ಲಾದ ಅಂಗಳದಲ್ಲಿ ಒಂದು ಜಪಾನಿ ಟೀ ಕೋಣೆ ಬೇಕು ಅಂದಾಗ ಅಷ್ಟು ಸಣ್ಣ ಕೆಲಸ ಆಫೀಸಿನ ದೊಡ್ಡವರಿಗೆ ಯಾರಿಗೂ ಬೇಡವಾಯಿತು. ಕೇಶವ್ ಮಾಡಲಿ ಬಿಡಿ, ಅವರಿಗೆ ಜಪಾನಿನ ಹುಚ್ಚು ಅಂತ ರಾಕೇಶ್ ನಗುತ್ತ ಇವನ ಕಡೆ ತಳ್ಳಿದ್ದ.

ಹುಚ್ಚು ಹತ್ತಿಸಿದವನು ಇನೊಸೆ ಗೆನ್ಸಾಯ್. ಹಿಂದೆ ಆಫೀಸಿನಲ್ಲಿದ್ದ ಜಪಾನಿ ಇಂಜಿನಿಯರೊಬ್ಬ ದೇಶಕ್ಕೆ ಹೊರಟಾಗ ಬೇಡವೆಂದು ಬಿಟ್ಟುಹೋದ ಪುಸ್ತಕಗಳ ರಾಶಿಯಲ್ಲಿ ಅವನ ಚರಿತ್ರೆ ಸಿಕ್ಕಿತ್ತು. ನಾನೂರು ವರ್ಷದ ಹಿಂದಿನ ವಾಸ್ತುಶಿಲ್ಪಿ. ಕಾಲಾಳು ಸೈನಿಕನ ಮಗ, ಬಡಗಿಗಳ ಹಿಂದೆ ಹಗ್ಗ ಹಿಡಿದುಕೊಂಡು ಬೆಳೆದವನು, ಕೊನೆಗೆ ದೊರೆಯ ಕಟ್ಟಡಗಳ ಮೇಲ್ವಿಚಾರಕನಾದವನು. ಮೂವರು ದೊರೆಗಳನ್ನು ಕಂಡ. ಒಬ್ಬನಿಗೆ ನದಿಯ ಒಡ್ಡು, ಇನ್ನೊಬ್ಬನಿಗೆ ಕೋಟೆಯ ಲಾಯ ಮತ್ತು ಅಡುಗೆಮನೆ, ಮತ್ತೊಬ್ಬನಿಗೆ ಚಂದ್ರನನ್ನು ನೋಡಲು ಒಂದು ಜಗಲಿ. ಹೇಳಿದ್ದನ್ನೆಲ್ಲ ಕಟ್ಟಿಕೊಟ್ಟ, ಬೈದದ್ದನ್ನೆಲ್ಲ ಕೇಳಿಸಿಕೊಂಡ. ಮುಪ್ಪಿನಲ್ಲಿ ತಲೆ ಬೋಳಿಸಿಕೊಂಡು ತನ್ನ ಹಿತ್ತಿಲಲ್ಲಿ ಮಣ್ಣು, ಬಿದಿರು, ಹುಲ್ಲಿನಿಂದ ಒಂದು ಟೀ ಕೋಣೆ ಕಟ್ಟಿದ. ಅದಕ್ಕೆ ನುಸುಳುವಷ್ಟೇ ಬಾಗಿಲು. ದೊರೆ ಒಂದು ದಿನ ಬಂದ. ಕತ್ತಿ ಬಿಚ್ಚಿಟ್ಟು, ತೆವಳಿ, ಒಳಗೆ ಬಂದು ಟೀ ಕುಡಿದು ಹೋದ. ಏನೂ ಅನ್ನಲಿಲ್ಲವಂತೆ. ಆ ವಾರವೇ ಗೆನ್ಸಾಯ್ ತಾನೇ ಗರಗಸ ಹಿಡಿದು, ನುಸುಳುಬಾಗಿಲಿನ ಪಕ್ಕದಲ್ಲಿ ನಿಂತು ಬರುವ ಇನ್ನೊಂದು ಬಾಗಿಲನ್ನು ದೊರೆಗೆಂದೇ ಕೊಯ್ದ. ಪುಸ್ತಕ ಬರೆದವನು ಇದನ್ನು ಕ್ಷಮಿಸಿಲ್ಲ. ಹಟ ಹಿಡಿದು ಪ್ರಾಣ ಕೊಟ್ಟವರು ಇದ್ದ ಕಾಲದಲ್ಲಿ ಈತ ಬಾಗಿದ ಎಂದು ಒಂದು ಸಾಲು ಬರೆದು ಮುಂದಿನ ಅಧ್ಯಾಯಕ್ಕೆ ಹೋಗಿದ್ದಾನೆ. ಬಾಲ್ಕನಿಯಲ್ಲಿ, ಮೇಲಿನ ಮನೆಯ ಏಸಿ ನೀರು ಹೆಗಲ ಮೇಲೆ ತೊಟ್ಟಿಕ್ಕುತ್ತಿದ್ದಾಗ ಆ ಸಾಲು ಓದಿ ಚನ್ನಕೇಶವನಿಗೆ ಬೆನ್ನಿಗೆ ಗುದ್ದಿದಂತಾಗಿತ್ತು. ಅಯ್ಯೋ ಪುಣ್ಯಾತ್ಮ, ನೀನೂನಾ ಅಂತ ಜೋರಾಗಿಯೇ ಅಂದಿದ್ದ. ಒಳಗಿನಿಂದ ಚೂಡಾಮಣಿ ಯಾರ ಜೊತೆ ಮಾತು ಅಂತ ಕೇಳಿದ್ದಳು.

ಯಾರ ಜೊತೆಗೆ ಅಂತ ಹೇಳುವುದು? ಬಾಗುವುದರಲ್ಲಿ ಗೆನ್ಸಾಯ್‌ನನ್ನೂ ಮೀರಿಸಿದವನು ತಾನು. ರಾಕೇಶ್ ಬೆಂಗಳೂರಿನಿಂದ ಬಂದಿಳಿದಾಗ ಉಳಿದುಕೊಂಡದ್ದು ಇವರ ಮನೆಯಲ್ಲಿಯೇ. ಇದ್ದ ಒಂದು ಮಂಚವನ್ನು ಅವನಿಗೆ ಕೊಟ್ಟು ಗಂಡ ಹೆಂಡತಿ ಹಾಲಿನಲ್ಲಿ ಚಾಪೆ ಹಾಸಿಕೊಂಡಿದ್ದರು. ಚೂಡಾಮಣಿಯ ಉಪ್ಪುಸಾರು ಸುರಿದುಕೊಂಡು ಉಣ್ಣುತ್ತಿದ್ದ, ಬಾಯ್ತುಂಬ ಸಾರ್ ಸಾರ್ ಅನ್ನುತ್ತಿದ್ದ. ಬುದ್ಧಿವಂತ, ಮಾತು ಬಲ್ಲವನು, ಏರಿದ. ಏರಲಿ, ಯಾರು ಬೇಡ ಅಂದರು. ಮನ್ಸೂರಾದ ಆಫೀಸಿನಲ್ಲಿ ಅವನು ಡೈರೆಕ್ಟರ್ ಆದ ಹೊಸದರಲ್ಲಿ ಒಂದು ಮೀಟಿಂಗು. ಗಾಜಿನ ಕೋಣೆ, ಕ್ಲೈಂಟುಗಳು. ಕುರ್ಚಿ ಒಂದು ಕಡಿಮೆ ಬಿತ್ತು. ಯಾರೂ ಹೇಳದೆಯೇ ಚನ್ನಕೇಶವ ಎದ್ದು ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದು ರಾಕೇಶನಿಗೆ ಬಿಟ್ಟುಕೊಟ್ಟ. ಎದ್ದು ನಿಂತವನಿಗೆ ಏನಾದರೂ ಕೆಲಸ ಕೊಡಬೇಕಲ್ಲ, ರಾಕೇಶ್ ಇಂಗ್ಲಿಷಿನಲ್ಲಿ, ಕೇಶವ್, ಎಲ್ಲರಿಗೂ ಕರಕ್ ಹೇಳಿಬಿಡ್ತೀರಾ ಪ್ಲೀಸ್ ಅಂದ. ಹೇಳಲು ಹೋದರೆ ಆಫೀಸ್ ಬಾಯ್ ಬ್ಯಾಂಕಿಗೆ ಹೋಗಿದ್ದ. ಇವನೇ ತಟ್ಟೆಯಲ್ಲಿ ಲೋಟ ಜೋಡಿಸಿಕೊಂಡು ಬಂದ. ಗಾಜಿನ ಬಾಗಿಲು, ಎರಡೂ ಕೈ ತಟ್ಟೆಯ ಮೇಲೆ. ತಿರುಗಿ ಕುಂಡೆಯಿಂದ ಒತ್ತಿ ತೆರೆದು, ಹಿಮ್ಮುಖವಾಗಿ ಒಳಗೆ ಬಂದ. ಯಾರೂ ನಗಲಿಲ್ಲ. ಯಾರೂ ನೋಡಲೇ ಇಲ್ಲ. ನಕ್ಕಿದ್ದರೆ ಒಂದು ರೀತಿಯಲ್ಲಿ ಸಮಾಧಾನವಾಗುತ್ತಿತ್ತು.

ಅದಕ್ಕೇ ಇರಬೇಕು. ಟೀ ಕೋಣೆಯ ನಕ್ಷೆ ಬರೆಯುವಾಗ ಶುರುವಿನಲ್ಲಿ ಗೆನ್ಸಾಯ್ ಮಾತ್ರವೇ ತಲೆಯಲ್ಲಿದ್ದ. ಕೈ ಹಗುರವಾಗಿತ್ತು, ಬೆಳಕು ಎಲ್ಲಿಂದ ಬೀಳಬೇಕು, ಗೋಡೆಯ ಮಣ್ಣಿಗೆ ಹುಲ್ಲು ಎಷ್ಟು ಕಲಸಬೇಕು ಅಂತ ಮದುವೆ ಮನೆಯವರ ಹಾಗೆ ಓಡಾಡಿದ್ದ. ನುಸುಳುಬಾಗಿಲಿಗೆ ಬಂದಾಗ ಒಂದು ಮಧ್ಯಾಹ್ನ, ಊಟದ ಮಂಪರಿನಲ್ಲಿ, ಆ ಚೌಕದೊಳಗಿನಿಂದ ಒಂದು ತಲೆ ಬರುವುದು ಕಾಣಿಸಿತು. ಜೆಲ್ ಹಾಕಿ ಹಿಂದಕ್ಕೆ ಬಾಚಿದ ತಲೆ. ರಾಕೇಶನದು. ಆಮೇಲೆ ನೇತಾಡುವ ಟೈ, ಆಮೇಲೆ ನೆಲ ತಡವುವ ಅಂಗೈಗಳು. ಒಳಗೆ ತಾನು ಕೂತಿದ್ದೇನೆ, ನೋಡುತ್ತಿದ್ದೇನೆ. ಪುಸ್ತಕದಲ್ಲಿದ್ದ ಅಳತೆಗಿಂತ ಎರಡು ಬೆರಳು ಕಡಿಮೆ ಮಾಡಿ ಬರೆದ. ಎರಡೇ ಬೆರಳು, ಯಾರಿಗೆ ಗೊತ್ತಾಗುತ್ತದೆ? ಚೂಡಾಮಣಿಗೆ ಇದನ್ನು ಹೇಳಿಲ್ಲ. ಹೇಳದೆಯೇ ಅವಳು ಹೇಗೆ ಕೈಯಿಟ್ಟಳು ಅಲ್ಲಿಗೇ? ಚಹಾ ತಣ್ಣಗಾಗಿತ್ತು. ಮಸೀದಿಯಿಂದ ಮಧ್ಯಾಹ್ನದ ಝುಹರಿನ ಬಾಂಗು ಕೇಳಿಸಿದಾಗ ಎದ್ದ. ಇನ್ನು ತಪ್ಪಿಸಿಕೊಳ್ಳಲು ಬರುವುದಿಲ್ಲ ಅನ್ನಿಸಿತು.

ವಕ್ರಾದ ವಿಲ್ಲಾದ ಅಂಗಳದಲ್ಲಿ ಅಬೂಬಕರ್ ಖರ್ಜೂರದ ಮರದ ಕೆಳಗೆ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಕರೆಂಟಿನ ಗರಗಸ, ವಯರು ಸುತ್ತಿಟ್ಟಿತ್ತು. ಬಂಟ್ವಾಳ ಕಡೆಯ ಬ್ಯಾರಿ. ಮರಗೆಲಸದಲ್ಲಿ ನಿಧಾನಿ, ಮಾತಿನಲ್ಲಿ ಅಲ್ಲ. ರಾಕೇಶ್ ನೇರ ಅವನಿಗೇ ಫೋನ್ ಮಾಡಿ ಕೊಯ್ಯಲು ಹೇಳಿಯಾಗಿತ್ತಂತೆ. ಬೆಳಿಗ್ಗೆಯೇ ಆಗಬೇಕಿತ್ತಂತೆ. ಚನ್ನಕೇಶವ ಗೋಡೆಯ ಕಡೆ ನೋಡಿದ. ಬಾಗಿಲು ಹಾಗೆಯೇ ಇತ್ತು, ಮಣ್ಣಿನ ಗೋಡೆಯ ತಳದಲ್ಲಿ ಚೌಕನೆಯ ಕತ್ತಲೆ.

"ನೀವು ಬರ್ಲಿ ಅಂತ ಕೂತದ್ದು ನಾನು," ಅಂದ ಅಬೂಬಕರ್. "ನಿಮ್ಮ ಕಣ್ಣೆದುರು ಅಲ್ಲದೆ ಇದಕ್ಕೆ ಗರಗಸ ಹಾಕ್ಲಿಕ್ಕೆ ನಂಗೆ ಮನಸ್ಸು ಬರ್ಲಿಲ್ಲ ಮಾರಾಯ್ರೆ. ಈಗ ಎಂತ ಮಾಡುವ, ಹೇಳಿ."

ಬೇಡ ಅನ್ನಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಚನ್ನಕೇಶವ. ಹೊರಟದ್ದು, ಅಸರ್ ಆಗಲಿ, ನೋಡುವಾ ಎಂಬ ಮಾತು. ಅಬೂಬಕರ್ ಅವನ ಮುಖವನ್ನೇ ನೋಡಿದ. ಹಾಗಾದರೆ ನೀವೇ ಹೇಳಿದ್ದು ಅಂತ ರಾಕೇಶ್ ಸಾರಿಗೆ ಹೇಳುತ್ತೇನೆ, ಆಮೇಲೆ ನನ್ನ ತಲೆಗೆ ಕಟ್ಟಬಾರದು ಅಂದ. ಇಲ್ಲ, ನನ್ನ ತಲೆಗೇ ಅಂತ ಚನ್ನಕೇಶವ ಅಂದ. ಧ್ವನಿ ಅವನು ಅಂದುಕೊಂಡದ್ದಕ್ಕಿಂತ ಸಣ್ಣದಾಗಿ ಬಂತು. ಆದರೂ ಬಂತಲ್ಲ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಈ ವಯಸ್ಸಿನಲ್ಲಿ ಮೈಸೂರಿನಲ್ಲಿ ಯಾರು ಬಾಗಿಲ ಪಟ್ಟಿ ಬರೆಸುತ್ತಾರೆ ಅಂತೆಲ್ಲ ಲೆಕ್ಕ ಹಾಕುತ್ತ ನಿಂತ. ಅಬೂಬಕರ್ ಗರಗಸವನ್ನು ಎತ್ತಿ ವ್ಯಾನಿನೊಳಗಿಟ್ಟು, ಉಂಡು ನಮಾಜು ಮುಗಿಸಿ ಬರುತ್ತೇನೆಂದು ಹೋದ.

ಅಂಗಳದಲ್ಲಿ ಯಾರೂ ಇಲ್ಲ. ಚನ್ನಕೇಶವ ಬಾಗಿಲ ಮುಂದೆ ಕೂತ. ನಾಚಿಕೆಗೇಡಿನ ಸಂಗತಿಯೆಂದರೆ, ಇಷ್ಟು ತಿಂಗಳಲ್ಲಿ ಅವನು ಒಂದು ಸಲವೂ ಇದರಿಂದ ಒಳಗೆ ಹೋಗಿರಲಿಲ್ಲ. ಕೆಲಸ ನೋಡಲು ಬಂದಾಗೆಲ್ಲ ಹಿಂದುಗಡೆ ಟೀ ಮಾಡುವವನು ಬರಲೆಂದು ಇಟ್ಟ ಎತ್ತರದ ಬಾಗಿಲಿನಿಂದಲೇ ಆರಾಮಾಗಿ ನಡೆದು ಹೋಗುತ್ತಿದ್ದ. ಇನ್ನೊಬ್ಬರು ತೆವಳಲೆಂದು ಬರೆದದ್ದಲ್ಲವೇ, ತಾನು ತೆವಳುವುದು ಯಾಕೆ ಬೇಕಿತ್ತು? ಈಗ ಶೂ ಬಿಚ್ಚಿ, ಪುಸ್ತಕದಲ್ಲಿ ಹೇಳಿದ ಹಾಗೆ ಮುಷ್ಟಿಗಳನ್ನು ಒಳಗಿನ ಚಾಪೆಯ ಮೇಲೆ ಊರಿ, ತಲೆ ತಗ್ಗಿಸಿ ಮುಂದೆ ಜಾರಿದ. ತಲೆ ಹೋಯಿತು, ಹೆಗಲು ಹೋಯಿತು, ಬೆನ್ನು ಮೇಲಿನ ಪಟ್ಟಿಗೆ ತಗುಲಿ ನಿಂತಿತು. ಎರಡು ಬೆರಳು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಯಾರಾದರೂ ಈಗ ಅಂಗಳಕ್ಕೆ ಬಂದರೆ ಅವರಿಗೆ ಕಾಣುವುದು ಒಬ್ಬ ಮುದುಕನಾಗುತ್ತಿರುವವನ ಹಿಂಭಾಗ ಮಾತ್ರ. ಹೊಟ್ಟೆಯನ್ನು ಎಳೆದುಕೊಂಡು, ಎದೆಯನ್ನು ಚಾಪೆಗೆ ಹಚ್ಚಿ ಹೇಗೋ ಒಳಗೆ ಬಿದ್ದ. ಬಿದ್ದವನು ಹಾಗೆಯೇ ಸ್ವಲ್ಪ ಹೊತ್ತು ಇದ್ದ. ಹೊಸ ಚಾಪೆಯ ಹುಲ್ಲಿನ ವಾಸನೆ, ಹಸಿ ಆರಿದ ಮಣ್ಣಿನ ವಾಸನೆ. ಕಾಗದ ಅಂಟಿಸಿದ ಕಿಟಕಿಯಿಂದ ಹಾಲಿನಂಥ ಬೆಳಕು. ಹೊರಗಿನ ಹೈವೇ ಸದ್ದು ಎಲ್ಲೋ ದೂರಕ್ಕೆ ಹೋಗಿತ್ತು. ಎಷ್ಟು ಚೆನ್ನಾಗಿದೆ, ನಾನೇ ಮಾಡಿದ್ದು ಅಂತ ಅನ್ನಿಸಿತು. ಗೆನ್ಸಾಯ್‌ಗೂ ಹೀಗೇ ಅನ್ನಿಸಿರಬೇಕು. ಅಂಥದ್ದರ ಗೋಡೆಗೆ ಅವನು ಗರಗಸ ಹಾಕಿದ್ದಾದರೂ ಹೇಗೆ? ಕೈ ಬಂತಾದರೂ ಹೇಗೆ? ಹೆದರುಪುಕ್ಕಲ ಅಂತ ಬಯ್ದುಕೊಂಡ. ಅವನನ್ನೋ ತನ್ನನ್ನೋ ಅವನಿಗೇ ತಿಳಿಯಲಿಲ್ಲ.

ಕಾರುಗಳ ಸದ್ದಾದಾಗ ಎದ್ದು, ಬಂದ ದಾರಿಯಲ್ಲಿ ಮತ್ತೆ ಹೋಗುವ ಧೈರ್ಯವಿಲ್ಲದೆ ಹಿಂದಿನ ಬಾಗಿಲಿನಿಂದ ಸುತ್ತಿ ಬಂದ. ರಾಕೇಶ್ ಮೊದಲು ಇಳಿದ. ಬಾಗಿಲು ನೋಡಿದ. ಬೈಯುತ್ತಾನೆ ಅಂತ ಚನ್ನಕೇಶವ ಕಾದ, ಒಂದು ಬಗೆಯಲ್ಲಿ ಬೈಯಲಿ ಅಂತಲೂ ಇತ್ತು. ರಾಕೇಶ್ ಹತ್ತಿರ ಬಂದು ಬಹಳ ಮೆಲ್ಲಗೆ, ಕನ್ನಡದಲ್ಲಿ, ಏನು ಕೇಶವ್ ಇದು, ನನ್ನ ಕುತ್ತಿಗೆಗೆ ತರ್ತಿದ್ದೀರಲ್ರೀ ಅಂದ. ಈ ಮನೆಯವರು ಕಟ್ಟಿಸಲಿರುವ ಶಾಲೆಯ ಕೆಲಸ ಸಿಗಲಿಲ್ಲವಾದರೆ ಬರುವ ವರ್ಷ ತನ್ನನ್ನೂ ಇಟ್ಟುಕೊಳ್ಳುವುದಿಲ್ಲವಂತೆ, ಮೇಲಿನವರು ಬಾಯಿ ಬಿಟ್ಟು ಹೇಳಿಯಾಗಿದೆಯಂತೆ. ಕಿವಿಯ ಪಕ್ಕದಲ್ಲಿ ಬೆವರು ಇಳಿಯುತ್ತಿತ್ತು, ಜೆಲ್ ಕರಗಿ ಹಣೆಗೆ ಬಂದಿತ್ತು. ಈ ಮನುಷ್ಯನೂ ಹೆದರುತ್ತಾನೆ ಎಂಬುದನ್ನು ಚನ್ನಕೇಶವ ಇವತ್ತೇ ಮೊದಲು ನೋಡಿದ್ದು. ಅಷ್ಟರಲ್ಲಿ ಜಾಸಿಮ್‌ನೂ ಅವನ ತಂದೆಯೂ ಬಂದರು. ಅಬು ಜಾಸಿಮ್ ಎಪ್ಪತ್ತು ದಾಟಿದವರು, ಮೀನು ಹಿಡಿಯುವವರ ಹಾಗೆ ಗಟ್ಟಿ ಅಂಗೈ, ಹುಡುಗನಾಗಿದ್ದಾಗ ತಂದೆಯ ವ್ಯಾಪಾರದ ಮೇಲೆ ಬೊಂಬಾಯಿಯಲ್ಲಿ ಇದ್ದು ಕಲಿತ ಹಿಂದಿ. ಎಲ್ಲರಿಗೂ ಸಲಾಂ ಹೇಳಿ, ಕೆಲಸದವರನ್ನೂ ಬಿಡದೆ ಕೈ ಕುಲುಕಿ, ಗೋಡೆಯ ಮಣ್ಣನ್ನು ಸವರಿ ನೋಡಿದರು. ತಮ್ಮ ಅಜ್ಜಿಯ ಮನೆಯ ಗೋಡೆ ಹೀಗೇ ಇತ್ತು ಅಂದರು. ಆಮೇಲೆ ಬಾಗಿಲ ಮುಂದೆ ನಿಂತು ಬಹಳ ಹೊತ್ತು ನೋಡಿದರು.

ಜಾಸಿಮ್ ಅರಬ್ಬಿಯಲ್ಲಿ ವಿವರಿಸುತ್ತಿದ್ದ. ಕತ್ತಿ, ದೊರೆ, ಎಲ್ಲರೂ ಸಮಾನರು. ತಂದೆ ತಲೆಯಾಡಿಸುತ್ತ ಕೇಳಿದರು. ಕೇಳಿ ಮುಗಿದ ಮೇಲೆ ಚನ್ನಕೇಶವನ ಕಡೆ ತಿರುಗಿ ಹಿಂದಿಯಲ್ಲಿ, ಇದು ಯಾರು ಬರುವ ಬಾಗಿಲು ಅಂತ ಕೇಳಿದರು. ಅತಿಥಿಗಳು ಅಂದ ಚನ್ನಕೇಶವ. ಹಿಂದುಗಡೆ ಒಂದು ಎತ್ತರದ್ದಿದೆಯಲ್ಲ, ಅದು? ಅದು ಮನೆಯ ಯಜಮಾನರಿಗೆ, ಟೀ ಮಾಡಿಕೊಡುವವರು ಅವರೇ.

"ಅಂದರೆ, ನನ್ನ ಮನೆಗೆ ಬಂದ ಮೆಹಮಾನ್ ಮೊಣಕಾಲ ಮೇಲೆ ಬರುತ್ತಾನೆ. ನಾನು ನಿಂತುಕೊಂಡು ಬರುತ್ತೇನೆ." ಮುದುಕರ ದನಿಯಲ್ಲಿ ಸಿಟ್ಟಿರಲಿಲ್ಲ. "ಅಯ್ಬ್, ಅವಮಾನ. ನನ್ನ ತಂದೆ ಇದ್ದಿದ್ದರೆ ನಾಚಿಕೆಯಿಂದ ಸತ್ತುಹೋಗುತ್ತಿದ್ದರು."

ಎಷ್ಟು ತಿಂಗಳು ಯೋಚಿಸಿದ್ದ ಚನ್ನಕೇಶವ ಇದರ ಬಗ್ಗೆ, ದೊರೆ ಎಂದು, ಆಳು ಎಂದು, ಮೇಲಿನವನು ಕೆಳಗಿನವನು ಎಂದು. ಒಂದು ಸಲವಾದರೂ, ಬರುವವನು ಅತಿಥಿ ಅಂತ ಹೊಳೆದಿತ್ತೇ? ತನ್ನ ಮನೆಗೇ ಯಾರಾದರೂ ಬಂದರೆ ಸೋಫಾ ಅವರಿಗೆ ಬಿಟ್ಟು ತಾನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರುವವನಲ್ಲವೇ? ಮಂಚ ಬಿಟ್ಟುಕೊಟ್ಟು ಚಾಪೆಯಲ್ಲಿ ಮಲಗಿದವನಲ್ಲವೇ? ಇಷ್ಟು ಸುಲಭದ್ದು ಹೇಗೆ ತಲೆಗೆ ಹೋಗಲಿಲ್ಲ. ಬಗ್ಗಿ ಬಗ್ಗಿ, ಇನ್ನೊಬ್ಬನನ್ನು ಬಗ್ಗಿಸುವುದೊಂದೇ ಯೋಚನೆಯಾಗಿಹೋಗಿತ್ತು. ಪಕ್ಕದಲ್ಲಿ ರಾಕೇಶ್ ಗಡಿಬಿಡಿಯಿಂದ, ನಾಳೆಯೊಳಗೆ ಕೊಯ್ಯಿಸಿಬಿಡುತ್ತೇವೆ ಬಾಬಾ, ಖಲಾಸ್, ಇದು ನಮ್ಮದೇ ತಪ್ಪು ಅನ್ನುತ್ತಿದ್ದ. ಹೌದು, ಕೊಯ್ಯಲಿ, ನಾನೇ ಕೊಯ್ಯುತ್ತೇನೆ ಅನ್ನಬೇಕೆಂದು ಚನ್ನಕೇಶವ ಬಾಯಿ ತೆರೆದ. ಅಬು ಜಾಸಿಮ್ ಕೈ ಎತ್ತಿದರು.

"ಕೊಯ್ಯುವುದು ಯಾಕೆ? ಬಾಗಿಲು ಚೆನ್ನಾಗಿದೆ. ಮೆಹಮಾನ್ ಆ ಎತ್ತರದ್ದರಿಂದ ಬರಲಿ. ಇದರಿಂದ ನಾನು ಬರುತ್ತೇನೆ." ಚನ್ನಕೇಶವನ ಮೊಣಕೈ ಹಿಡಿದು ಹಿಂದುಗಡೆಗೆ ತೋರಿಸಿದರು. "ಹೋಗಿ. ಕಟ್ಟಿದವರು ನೀವು, ಮೊದಲನೆಯ ಮೆಹಮಾನೂ ನೀವೇ."

ಹೋದ. ಹೋಗದೆ ಏನು ಮಾಡುವುದು. ಹಿಂದಿನ ಪುಟ್ಟ ಅಡುಗೆಕೋಣೆ ದಾಟಿ, ಎತ್ತರದ ಬಾಗಿಲಿನಿಂದ ನಡೆದು ಒಳಗೆ ಬಂದು ಚಾಪೆಯ ಮಧ್ಯದಲ್ಲಿ ನಿಂತ. ಬಾಗಿಲು ಉಳಿಯಿತು. ಕುಣಿಯಬೇಕಾಗಿತ್ತು, ಮನಸ್ಸಾಗಲಿಲ್ಲ. ಎದುರಿಗೆ ಆ ಚೌಕ, ಅದರಾಚೆ ಅಂಗಳದ ಬಿಸಿಲು. ಬಿಸಿಲಿಗೆ ಅಡ್ಡ ಬಂದದ್ದು ಎರಡು ಗಟ್ಟಿ ಅಂಗೈಗಳು. ಅವು ಚಾಪೆಯನ್ನು ತಡವಿ ಜಾಗ ಹುಡುಕಿದವು. ಆಮೇಲೆ ಬಿಳಿಯ ತಲೆವಸ್ತ್ರ. ಅದು ಮೇಲಿನ ಪಟ್ಟಿಗೆ ಸಿಕ್ಕಿಕೊಂಡು ಜಾರಿತು, ತಲೆಗೆ ಸುತ್ತಿದ ಕಪ್ಪು ಹಗ್ಗ ಕಳಚಿ ಚಾಪೆಯ ಮೇಲೆ ಉರುಳಿತು, ಕೆಳಗಿನಿಂದ ಮುದುಕರ ಬೋಳುತಲೆ ಬಂತು, ಎಳೆ ಮಗುವಿನದರಷ್ಟು ತೆಳುವಾದ ಚರ್ಮ, ಅದರ ಮೇಲೆ ಕಂದು ಕಲೆಗಳು. ಯಾರೂ ನೋಡಬಾರದ ತಲೆ. ಬೆನ್ನು ಪಟ್ಟಿಗೆ ತಗುಲಿತು. ಎರಡು ಬೆರಳು, ಎರಡು ಬೆರಳು ಅಂತ ಚನ್ನಕೇಶವನೊಳಗೆ ಯಾರೋ ಬಡಿದುಕೊಂಡರು. ಉಸಿರು ಬಿಗಿಹಿಡಿದು ನೂಕುವ ಸದ್ದು. ಆ ದಿನ ಗೆನ್ಸಾಯ್ ಒಳಗೆ ಕೂತು ನೋಡಿದ್ದೂ ಇದನ್ನೇ. ದೊರೆಯನ್ನಲ್ಲ, ಬಗ್ಗಲಾರದ ಒಂದು ಬೆನ್ನನ್ನು. ಚನ್ನಕೇಶವ ಮೊಣಕಾಲೂರಿ ಕೂತು ಕೈ ಚಾಚಿದ. ಅಬು ಜಾಸಿಮ್ ಕೈ ಹಿಡಿಯಲಿಲ್ಲ. ಮೊಣಕಾಲ ಮೇಲಿದ್ದುಕೊಂಡೇ ಮುಖವೆತ್ತಿ, ಏದುಸಿರು ಬಿಡುತ್ತ, ಹಲ್ಲಿಲ್ಲದ ಕಡೆಯೆಲ್ಲ ಕಾಣುವ ಹಾಗೆ ನಕ್ಕು, ನನ್ನ ಮನೆಗೆ ಬಂದಿರಿ, ದೊಡ್ಡ ಸಂತೋಷ, ಕೂತುಕೊಳ್ಳಿ ಅಂದರು. ಚನ್ನಕೇಶವನಿಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು ಕಪ್ಪು ಹಗ್ಗವನ್ನು ಎತ್ತಿ ಅವರ ಕೈಗೆ ಕೊಟ್ಟ.

ಹೊರಗೆ ಶೂ ಬಿಚ್ಚುವ ಸದ್ದಾಯಿತು. ಯಜಮಾನರು ಹೋದ ದಾರಿಯಲ್ಲಿ ಹೋಗದಿದ್ದರೆ ತಪ್ಪಾದೀತೆಂದು ರಾಕೇಶ್ ಹೆದರಿರಬೇಕು. ಬಿಸಿಲಿಗೆ ಮತ್ತೆ ಒಂದು ನೆರಳು ಅಡ್ಡ ಬಂತು. ಮೊದಲು ಟೈ ಇಳಿದು ಹೊಸಿಲಿನ ಮೇಲೆ ಸುರುಳಿಯಾಗಿ ಬಿತ್ತು. ಆಮೇಲೆ ಅಂಗೈಗಳು, ಬೆವರಿ ಒದ್ದೆಯಾಗಿದ್ದವು, ಚಾಪೆಯ ಮೇಲೆ ಗುರುತು ಬಿಟ್ಟವು. ಆಮೇಲೆ ತಲೆ. ನೆತ್ತಿಯಲ್ಲಿ ಕೂದಲು ಉದುರಿ ರೂಪಾಯಿ ಅಗಲ ಚರ್ಮ ಕಾಣುತ್ತಿತ್ತು. ಜೆಲ್ಲಿನಿಂದ ಅದನ್ನು ಮುಚ್ಚಿಕೊಳ್ಳಲೆಂದೇ ಅವನು ಹಾಗೆ ಹಿಂದಕ್ಕೆ ಬಾಚುವುದು. ಇಷ್ಟು ವರ್ಷ ಜೊತೆಗಿದ್ದು ಚನ್ನಕೇಶವನಿಗೆ ಅದು ಗೊತ್ತಿರಲಿಲ್ಲ. ತಾನು ನೋಡಬೇಕೆಂದು ಬಯಸಿದ್ದೆಲ್ಲ ಬರೆದಿಟ್ಟ ಹಾಗೆ ನಡೆಯುತ್ತಿತ್ತು, ಅಲ್ಲೇ, ಕಾಲಬುಡದಲ್ಲಿ. ನೋಡಲಾಗಲಿಲ್ಲ. ಅಬು ಜಾಸಿಮ್ ಏನು ಮಾಡೋಣ ಅನ್ನುವ ಹಾಗೆ ಇವನ ಕಡೆ ನೋಡಿದರು. ಚನ್ನಕೇಶವ ಮೊಣಕಾಲ ಮೇಲೆಯೇ ಮುಂದೆ ಸರಿದು, ರಾಕೇಶನ ಹೆಗಲಿಗೆ ಕೈಯಿಟ್ಟು ತಡೆದ.

"ಬೇಡ ರಾಕೇಶ್, ಏಳಿ. ನೀವೂ ಮನೆಗೆ ಬಂದವರೇ. ಆ ಕಡೆ ಬಾಗಿಲಿದೆ, ನಿಂತ್ಕೊಂಡೇ ಬನ್ನಿ."